ರಾಚಯ್ಯನ ಡಬ್ಬಿ

ಗುಂಡ್ಲುಪೇಟೆ
೧೭ ಆಗಸ್ಟ್ ೨೦೨೫

ಪ್ರೀತಿಯ ಸುಧಾಮಣಿ,

ಚಾಮರಾಜನಗರದಿಂದ ನೀನು ಬರೆದ ಕಾಗದ ಬಂದು ತಿಂಗಳಾಯಿತು. ಮೂರು ಸಲ ಉತ್ತರ ಬರೆದು ಹರಿದೆ, ತಡವಾದದ್ದಕ್ಕೆ ಬೈದುಕೋ. ನಿನ್ನ ಮಂಡಿನೋವು ಹೇಗಿದೆ? ಕೋಪವೊಂದು ಬಿಟ್ಟರೆ ನನ್ನ ಆರೋಗ್ಯಕ್ಕೇನೂ ಕೊರತೆಯಿಲ್ಲ.

ನಾವಿಬ್ಬರೂ ಪಾಠ ಮಾಡಿದ ಶಾಲೆಗೆ ಮೊನ್ನೆ ಭಾಷಣಕ್ಕೆಂದು ಬಸವಪ್ರಸಾದ್ ಬಂದಿದ್ದ. ರಸಾಯನಶಾಸ್ತ್ರದ ಪರೀಕ್ಷೆಯಲ್ಲಿ ಪಕ್ಕದವನ ಉತ್ತರವನ್ನು ತಪ್ಪುಗಳ ಸಮೇತ ನಕಲು ಮಾಡಿದ್ದನಲ್ಲ, ಅವನೇ. ಈಗ ಕಲ್ಲಿದ್ದಲಿನಿಂದ ಅನಿಲ ತೆಗೆಯುವ ಯಾವುದೋ ಕಂಪನಿಯ ಅಧಿಕಾರಿ. ಅನಿಲದ ಜೊತೆ ಡಾಂಬರು, ಅಮೋನಿಯಾ, ಗಂಧಕ ಎಲ್ಲ ಸಿಗುತ್ತವೆ, ಒಂದನ್ನೂ ಎಸೆಯುವುದಿಲ್ಲ, ಇದು ತನ್ನದೇ ಯೋಚನೆ ಎಂದು ಪರದೆಯ ಮೇಲೆ ಬಣ್ಣಬಣ್ಣವಾಗಿ ತೋರಿಸಿದ. ಬಟ್ಟೆಗಳ ನಡುವೆ ಇಡುವ ನುಸಿಗುಳಿಗೆ ಯಾವುದರಿಂದ ಬರುತ್ತದೆ ಎಂದು ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಕೇಳಿದರೆ ಮೊಬೈಲು ತಡಕಿದ. ಅರ್ಧ ಗಂಟೆಯಿಂದ ಹೊಗಳುತ್ತಿದ್ದ ಡಾಂಬರಿನಿಂದಲೇ ಬರುತ್ತದೆಂದು ಆ ಮಹಾನುಭಾವನಿಗೆ ಗೊತ್ತಿಲ್ಲ.

ನನಗೆ ನಮ್ಮ ಅಟೆಂಡರ್ ರಾಚಯ್ಯ ನೆನಪಾದ. ಎಂಬತ್ತಾರರಲ್ಲಿ ಶಾಲೆಯವರು ಲ್ಯಾಬಿಗೆ ಗಾಜಿನ ಸಾಮಾನು ಕೊಡಿಸದಿದ್ದಾಗ, ಹಾಲಿನಪುಡಿ ಡಬ್ಬಿಗೆ ಕೊಳವೆ ಸಿಕ್ಕಿಸಿ, ಜೇಡಿಮಣ್ಣು ಮೆತ್ತಿ, ಕಲ್ಲಿದ್ದಲು ಕಾಯಿಸಿ, ಕೊಳವೆಯ ತುದಿಯಲ್ಲಿ ಅನಿಲ ಹೊತ್ತಿಸಿ ತೋರಿಸಿದವನು. ಬಾಟಲಿಗೆ ಇಳಿದ ಡಾಂಬರನ್ನು ಗೆದ್ದಲು ಹಿಡಿದ ಬೆಂಚಿನ ಕಾಲಿಗೆ ಬಳಿದ. ಅಮೋನಿಯಾ ಸೇರಿದ ನೀರನ್ನು ಕರಿಬೇವಿನ ಗಿಡಕ್ಕೆ ಹಾಕಿದ. ಡಬ್ಬಿಯಲ್ಲಿ ಉಳಿದ ಇದ್ದಲು ಇಸ್ತ್ರಿಯವನ ಪಾಲಾಯಿತು. "ಗ್ಯಾಸು ಉರ್ದೋಯ್ತದೆ, ಉಳ್ಕಂಡದ್ದೇ ಕೆಲ್ಸಕ್ಕೆ ಬರೋದು ಮೇಡಂ" ಎಂದಿದ್ದ.

ತಡೆಯಲಾರದೆ ಎದ್ದು ಹೋಗಿ, ಲ್ಯಾಬಿನ ಬೀರುವಿನಿಂದ ಆ ಡಬ್ಬಿ ತಂದು ಬಸವಪ್ರಸಾದನ ಮುಂದೆ ಇಟ್ಟೆ. "ನೀನು ಹುಟ್ಟೋಕ್ ಮುಂಚೆನೇ ಈ ಡಬ್ಬಿ ಇತ್ತು ಕಣಪ್ಪ" ಎಂದೆ. ಮಕ್ಕಳು ಚಪ್ಪಾಳೆ ತಟ್ಟಿದರು. ನಾಚಿಕೆಗೆಟ್ಟವನು ನಕ್ಕು, ತನಗೆ ಹೊದಿಸಿದ್ದ ಶಾಲನ್ನೇ ತೆಗೆದು ನನಗೆ ಹೊದಿಸಿದ. ಇನ್ನೊಬ್ಬರ ಬುದ್ಧಿಯನ್ನು ತನ್ನದೆಂದು ಹೊದ್ದು ತಿರುಗುವವರನ್ನು ಕಂಡರೆ ನನಗೆ ಹೇಸಿಗೆ.

ಮೊಮ್ಮಗಳು ಭವ್ಯಳಿಗೆ ನನ್ನ ಆಶೀರ್ವಾದ ಹೇಳು. ಚೆನ್ನಾಗಿ ಓದಲಿ.

ನಿನ್ನ
ಯಶೋದಮ್ಮ

ಮರೆತ ಮಾತು: ಮರೆತದ್ದಲ್ಲ, ಬರೆಯಲಾಗಲಿಲ್ಲ. ರಾಚಯ್ಯ ಅಲ್ಲೇ ಇದ್ದ. ಭಾಷಣ ಕೇಳಲು ತನ್ನೂರು ಹರವೆಯಿಂದ ಬಸ್ಸಿನಲ್ಲಿ ಬಂದು ಬಾಗಿಲ ಹತ್ತಿರ ನಿಂತಿದ್ದ. ಶಾಲು ಹೊದಿಸುವ ಮೊದಲು ಬಸವಪ್ರಸಾದ್, "ಇದನ್ನ ಮಾಡ್ದೋರು ಯಾರು ಮೇಡಂ?" ಎಂದು ಕೇಳಿದ. ನಾನು "ನಾನೇ" ಎಂದೆ. ಎಲ್ಲರೂ ಹೋದ ಮೇಲೆ ರಾಚಯ್ಯ ಡಬ್ಬಿಯ ಧೂಳು ಒರೆಸಿ ಬೀರುವಿನಲ್ಲಿಟ್ಟ. "ಶಾಲು ನಿಮ್ಗೆ ಚೆಂದಾಗಿ ಕಾಣ್ತದೆ ಮೇಡಂ" ಎಂದು ಹೇಳಿ ಬಸ್ಸಿಗೆ ಹೊರಟ.