ಬೆನ್ನಿಗೆ ನಿಂತಾಕಿ

ಇರಕಲ್ಲಗಡ
ಬಹುಧಾನ್ಯ ಸಂವತ್ಸರ, ಮಾಘ ಬಹುಳ ಪಂಚಮಿ
(ಇಸವಿ 1939)

ಸೌಭಾಗ್ಯವತಿ ಮಗಳು ವಿರೂಪಾಕ್ಷಮ್ಮಗ ನಿಮ್ಮವ್ವ ಕಳಕಮ್ಮನ ಆಶೀರ್ವಾದ.

ನಾವೆಲ್ಲಾ ಆರಾಮ ಅದೀವಿ. ನೀ ಆರಾಮ ಇರ್ತಿ ಬಿಡು, ನಿಮ್ಮತ್ತಿ ಅಷ್ಟು ಛಲೋ ನೋಡ್ಕೋತಾಳಂತಲ್ಲ! ಪತ್ರ ತಡಾ ಆತು, ಸಿಟ್ಟಾಗಬ್ಯಾಡ. ಬಳಿಗಾರ ಶಬ್ಬೀರಸಾಬ ನಾಳೆ ನಿಮ್ಮೂರಿಗೆ ಹೊಂಟಾನ, ಅವನ ಕೈಯಾಗ ಕೊಡ್ತೀನಿ. ಬೋರಲ ಬಿದ್ದು ಬರ್ಯಾಕತ್ತೀನಿ, ಅಕ್ಷರ ಸೊಟ್ಟ ಬಂದ್ರ ನಗಬ್ಯಾಡ. ನಿನಗ ಅಕ್ಷರ ಕಲಿಸಿದಾಕಿ ನಾನ, ಅದರ ನೆನಪೈತಿಲ್ಲೋ?

ಕಿಚ್ಚು ತಡ್ಯಾಕ ನಮ್ಮೂರು ನಿಮ್ಮೂರು ಕೂಡಿ ಹಚ್ಚಿದ ಗುಡ್ಡದ ಹುಲ್ಲಿನ ಪಟ್ಟಿ ಛಲೋ ಸುಟ್ಟೈತಿ. ಹುಲ್ಲಿನ ಬುಡದಾಗ ಹಸಿ ಇದ್ದಾಗ ಸುಟ್ಟಿದ್ದು ಭಾಳ ಛಲೋ ಆತು ಅಂತಾರ ಎಲ್ಲಾರೂ. ಇನ್ನ ಬ್ಯಾಸಗ್ಯಾಗ ಎಲ್ಲಿಂದರ ಕಿಚ್ಚು ಬಂದ್ರೂ ಆ ಕರೇ ಪಟ್ಟಿ ದಾಟಂಗಿಲ್ಲ, ಎರಡೂ ಊರಿನ ದನಕ್ಕ ಮೇವು ಉಳೀತು. ಲಕ್ಷ್ಮಣಪ್ಪ ಗೌಡ್ರು "ಎರಡೂರವರೂ ಕೈ ಹಚ್ಚಿದ್ದಕ್ಕ ಆತು ನೋಡ್ರಿ" ಅಂದ್ರಂತ. ಅದನ್ನ ನಿಮ್ಮಪ್ಪ ಬಂದಾವರಿಗೆಲ್ಲಾ ಹೇಳ್ಕೋಂತ ಕುಂತಾರ.

ನನಗ ಮಾತ್ರ ಸಮಾಧಾನ ಇಲ್ಲ. ಮುಚ್ಚಿ ಏನು ಮಾಡ್ಲಿ, ನಿಮ್ಮತ್ತಿ ಮುದುಕಮ್ಮನ್ನ ಕಂಡ್ರ ನನಗ ಹೊಟ್ಟಿಕಿಚ್ಚು.

ಕೊಳ್ಳಿ ಹಿಡಿದಾಕಿ ಹುಲ್ಲಿಗೆ ಹಚ್ಕೋಂತ ಮುಂದ ನಡೀಬೇಕು, ತಿರುಗಿ ನೋಡಂಗಿಲ್ಲ. ಹಸೀ ಟೊಂಗಿ ಹಿಡಿದಾಕಿ ಆಕಿ ಬೆನ್ನಿಗೆ ನಿಂತು ಸಿಡಿದ ಕಿಡಿ ಬಡಿದು ಆರಸಬೇಕು. ನಿನ್ನ ಲಗ್ನ ಆಗೋತನಾ ನನ್ನ ಬೆನ್ನಿಗೆ ನೀನ ಇದ್ದಿ. ಈ ಸಲ ಗೌಡ್ರು, "ಕಳಕಮ್ಮಾ, ನಿನ್ನ ಬೆನ್ನಿಗೆ ನಿಮ್ಮೋಣಿ ಕನಕಮ್ಮ ನಿಲ್ಲಲಿ" ಅಂದ್ರು. "ಬ್ಯಾಡ್ರಿ, ನನ್ನ ಮಗಳು ಬರ್ತಾಳ" ಅಂದೆ. ಊರು ಬ್ಯಾರೆ ಆದ್ರೇನಾತು, ಗುಡ್ಡ ಒಂದ ಅಲ್ಲೇನು? ಅವ್ವನ್ನ ಕಂಡ ಕೂಡ್ಲೆ ಈಚಿ ಬರ್ತಿ ಅಂತ ತಿಳ್ಕೊಂಡಿದ್ದೆ.

ನೀ ಬಂದಿ ಖರೆ, ನಿಮ್ಮೂರ ಕಡೆ ಕೊಳ್ಳಿ ಹಿಡಿದ ಅತ್ತಿ ಬೆನ್ನಿಗೆ. ಆಕಿ ಸೆರಗು ಟೊಂಕಕ್ಕ ಸಿಗಿಸಿದಿ. ಆಕಿ ಮಾರಿಗೆ ನೀರು ಹಚ್ಚಿದಿ. ನನಗ? "ಅವ್ವಾ, ಆರಾಮ ಅದಿಯೇನು?" ಅಷ್ಟ! ನಾನೇನು ಓಣ್ಯಾಗಿನಾಕೇನು? ಆಕಿ ಬ್ಯಾರೆ ನಕ್ಕೋಂತ, "ಬೀಗತಿ, ನಿನ್ನ ಮಗಳು ನನಗ ಹೊಟ್ಟ್ಯಾಗ ಹುಟ್ಟಿದವರಕಿಂತ ಹೆಚ್ಚವ್ವಾ" ಅಂತಾಳ. ಹೊತ್ತು ಹೆತ್ತಾಕಿ ನಾನು, ಹೆಚ್ಚು ಅನ್ನಾಕಿ ಆಕಿ! ಕೆಟ್ಟಾಕಿ ಅಲ್ಲ ಬಿಡು. ಅದ ನನಗ ದೊಡ್ಡ ತ್ರಾಸು. ಕೆಟ್ಟಾಕಿ ಇದ್ದಿದ್ರ ಬಾಯಿತುಂಬ ಬೈದು ಹಗುರ ಆಗ್ತಿದ್ದೆ.

ಆಮ್ಯಾಲೆ, ನೀ ಹೊಸಾ ಟೊಂಗಿ ಮುರಕೊಂಡು ಬರಾಕ ಹೋದಾಗ ಗಾಳಿ ತಿರುಗಿತು. ಎಲ್ಲಾರೂ ಒದರಿದ್ರು. ತಿರುಗಿ ನೋಡ್ತೀನಿ, ಹೊಗಿಯೊಳಗ ನೀ ಟೊಂಗಿ ಎತ್ತಿ ನನ್ನ ಕಡೆ ಓಡಿ ಬರಾಕತ್ತಿದ್ದಿ. ಜೀವ ತಣ್ಣಗಾತು. ಬಂದಿ, ನನ್ನ ಮಗ್ಗಲದಾಗ ಹಾದು ಅತ್ತಿ ಹಂತ್ಯಾಕ ಹೋದಿ. ಆಕಿ ಸೆರಗಿಗೆ ಬಿದ್ದ ಕಿಡಿ ಬಡಿದಿ, ಆಕೀನ ತಬ್ಕೊಂಡಿ. ನೀ ಮಾಡಿದ್ದು ಸರಿನ ಐತಿ. ಜೋಡಿಯಾಕಿನ್ನ ಬಿಡಬಾರದು ಅಂತ ಕಲಿಸಿದಾಕೀನೂ ನಾನ.

ಅತ್ತಿ ಮಾವಗ ನನ್ನ ಶರಣು ಹೇಳು. ನಿನ್ನ ಹೊಟ್ಟಿ ತಣ್ಣಗಿರಲಿ, ಕುಂಕುಮ ಗಟ್ಟಿ ಇರಲಿ.

ನಿಮ್ಮವ್ವ
ಕಳಕಮ್ಮ

ತಾ.ಕ.: ಗಾಳಿ ತಿರುಗಿದಾಗ ನನ್ನ ಬೆನ್ನಿಗೆ ಯಾರೂ ಇರಲಿಲ್ಲ. ಕುಪ್ಪಸ ಸುಟ್ಟು ಬೆನ್ನಾಗ ಅಂಗೈಯಷ್ಟು ಗಾಯ ಆಗೈತಿ. ಕಂಬಳಿ ಹೊದ್ಕೊಂಡು ಮನೀಗೆ ಬಂದೆ, ನಿಮ್ಮಪ್ಪಗೂ ಹೇಳಿಲ್ಲ. ಎಣ್ಣಿ ಹಚ್ಚಾಕ ನನ್ನ ಕೈ ಮುಟ್ಟವಲ್ದು. ಬ್ಯಾರೇರಿಗೆ ತೋರಸಾಕ ಮನಸಿಲ್ಲ. ಬರ್ತಿಯೇನವ್ವಾ? ಹಂಗ ಓಡಿ ಬರಬ್ಯಾಡ, ನಿಮ್ಮತ್ತಿನ್ನ ಕೇಳಿ ಬಾ.