ಖಾಲಿ ಮನೆಯ ರಂಗೋಲಿ

ಲಿಟಲ್ ಎಲ್ಮ್, ಟೆಕ್ಸಾಸ್
೯ ಅಕ್ಟೋಬರ್ ೨೦೦೮

ಪ್ರೀತಿಯ ನಿಶಿತಾ,

ಫೋನ್ ಮಾಡಿದರೆ ನೀನು ಎತ್ತುವುದಿಲ್ಲ, ಅದಕ್ಕೇ ಈ ಕಾಗದ. ಹೂಸ್ಟನ್ ಹಿಡಿಸಿತಾ? ತೈಲ ಕಂಪನಿಗಳಿರುವ ಎನರ್ಜಿ ಕಾರಿಡಾರ್‌ನ ಹೊಸ ಕೆಲಸದಲ್ಲಿ ನಿನ್ನ ಕಾರ್ತಿಕೇಯನಿಗೆ ಸಂಬಳ ಸರಿಯಾಗಿ ಬರುತ್ತಿದೆ ತಾನೆ? ಎದುರುಮನೆಯಲ್ಲಿ ನೀನಿಲ್ಲದೆ ನನಗೆ ಜಗಳಕ್ಕೂ ಜನ ಇಲ್ಲ.

ನನಗೆ ಭಯವಾಗಿದೆ ಕಣೇ. ನಮ್ಮ ಸಾಲದ ಕಥೆ ನಿನಗೆ ಗೊತ್ತಲ್ಲ. ಮೊದಲ ಮೂರು ವರ್ಷ ಕಡಿಮೆ ಬಡ್ಡಿ, ಆಮೇಲೆ ಬೆಂಕಿ. ಬಡ್ಡಿ ಏರುವ ಮೊದಲು ಬೇರೆ ಬ್ಯಾಂಕಿಗೆ ಬದಲಾಯಿಸಿಕೊಳ್ಳಬೇಕೆಂದು ನಮ್ಮವರು ಓಡಾಡುತ್ತಿದ್ದರು. ಆದರೆ ಬ್ಯಾಂಕಿನವರು ನಮ್ಮ ಮನೆಗೆ ಬೆಲೆ ಕಟ್ಟುವುದು ಅದೇ ಬೀದಿಯಲ್ಲಿ ಮಾರಿದ ಮನೆಗಳನ್ನು ನೋಡಿ. ನಿಮ್ಮ ಮನೆ ಒಳ್ಳೆಯ ಬೆಲೆಗೆ ಹೋದರೆ ನಮ್ಮ ಮನೆ ಉಳಿಯುತ್ತದೆ, ಕಂತು ಕಟ್ಟದೆ ಹರಾಜಿಗೆ ಬಿದ್ದರೆ ನಾವೂ ಮುಳುಗುತ್ತೇವೆ. ಹಾಗಾಗಿ ನೀವು ಹೋದಾಗಿನಿಂದ ನನ್ನ ಜೀವವೆಲ್ಲ ನಿಮ್ಮ ಬಾಗಿಲಿನಲ್ಲೇ ಇತ್ತು.

ಬೀದಿಯ ಆ ತುದಿಯ ಮನೆಗಳೂ ಖಾಲಿಯಾದವು. ಹುಲ್ಲು ಮೊಣಕಾಲುದ್ದ ಬೆಳೆದಿದೆ. ಒಂದು ಮನೆಯ ಹಿತ್ತಲಿನಿಂದ ಯಾರೋ ಏಸಿಯನ್ನೇ ಕಿತ್ತುಕೊಂಡು ಹೋದರು. ನಿಮ್ಮ ಮನೆಗೂ ಅದೇ ಗತಿ ಬಂದರೆ ಎಂದು ನನಗೆ ಊಟ ಸೇರುತ್ತಿರಲಿಲ್ಲ. ಕಳ್ಳರಿಗೂ ಬ್ಯಾಂಕಿನವರಿಗೂ ಅಲ್ಲಿ ಸಂಸಾರವಿದೆ ಎನಿಸಲಿ ಎಂದು ದಿನಾ ಬೆಳಿಗ್ಗೆ ನಿಮ್ಮ ಬಾಗಿಲಿಗೆ ನೀರು ಚಿಮುಕಿಸಿ ರಂಗೋಲಿ ಹಾಕಲು ಶುರುಮಾಡಿದೆ. ನಮ್ಮವರ ಹಳೇ ಚಪ್ಪಲಿಗಳನ್ನೂ ಹೊಸ್ತಿಲ ಪಕ್ಕ ಬಿಟ್ಟೆ. ಮಗಳು ದಿಯಾ ಇಂಗ್ಲಿಷಿನಲ್ಲೇ ನನಗೆ ಛೀಮಾರಿ ಹಾಕಿದಳು. ನಾನು ಕೇಳಲಿಲ್ಲ.

ಆಗಸ್ಟಿನಲ್ಲಿ ನಿಮ್ಮ ಮನೆ ಮಾರುವ ಏಜೆಂಟ್ ಮೋಹನರಾಜ ಮೈಸೂರಿನ ದಂಪತಿಗಳನ್ನು ಕರೆತಂದರು. ಪೂರ್ವದ ಬಾಗಿಲು, ದೇವರ ಕೋಣೆ, ಎಲ್ಲ ಕೇಳಿಯೇ ಒಪ್ಪಿ ಬಂದವರು. ನಾನು ಕಿಟಕಿಯ ಪರದೆ ಹಿಡಿದುಕೊಂಡು ಇದ್ದಬದ್ದ ದೇವರಿಗೆಲ್ಲ ಹರಕೆ ಹೊರುತ್ತಿದ್ದೆ. ಆಕೆ ರಂಗೋಲಿಯ ಮುಂದೆ ನಿಂತಳು. ಚಪ್ಪಲಿ ನೋಡಿದಳು. ಗಂಡನಿಗೆ ಏನೋ ಹೇಳಿ, ಒಳಗೆ ಕಾಲಿಡದೆ ಕಾರಿಗೆ ವಾಪಸಾದಳು.

ಆಮೇಲೆ ಮೋಹನರಾಜರೇ ಹೇಳಿದರು: ಪಾಪ ಅವರಿನ್ನೂ ಇಲ್ಲೇ ಇದಾರೆ, ಅವರನ್ನ ಎಬ್ಬಿಸಿ ನಾವು ಹಾಲು ಉಕ್ಕಿಸೋದಾ, ಅವರ ಕಣ್ಣೀರು ನಮಗೆ ಬೇಡ ಅಂದಳಂತೆ. ಮನೆ ಖಾಲಿ ಇದೆ ಎಂದು ಮೋಹನರಾಜ ಎಷ್ಟು ಆಣೆ ಇಟ್ಟರೂ ನಂಬಲಿಲ್ಲವಂತೆ. ಖಾಲಿ ಮನೆಗೆ ಯಾರು ಸಾರ್ ರಂಗೋಲಿ ಹಾಕ್ತಾರೆ ಎಂದು ಅವರನ್ನೇ ಕೇಳಿದಳಂತೆ.

ಆಮೇಲೆ ಯಾರೂ ಬರಲಿಲ್ಲ. ಹೋದ ತಿಂಗಳ ಮೊದಲ ಮಂಗಳವಾರ ಹರಾಜಾಯಿತು, ನಿನಗೆ ತಿಳಿದೇ ಇದೆ. ಬೆಲೆ ಕಟ್ಟುವವನು ನಮ್ಮ ಮನೆಗೂ ಬಂದಿದ್ದ. ನಿಮ್ಮ ಬಾಗಿಲಿಗೆ ಅಂಟಿಸಿದ್ದ ನೋಟಿಸಿನ ಫೋಟೋ ತೆಗೆದುಕೊಂಡ. ನಮ್ಮ ಅಡಿಗೆಮನೆಯ ಹೊಸ ಗ್ರಾನೈಟನ್ನು ತಿರುಗಿಯೂ ನೋಡಲಿಲ್ಲ.

ಆದರೂ ನಮ್ಮ ಬಗ್ಗೆ ಚಿಂತೆ ಬೇಡ. ನಮ್ಮವರು ಏನಾದರೂ ದಾರಿ ಹುಡುಕುತ್ತಾರೆ. ಸಂಕ್ರಾಂತಿಗೆ ಎಲ್ಲರೂ ಇಲ್ಲಿಗೇ ಬನ್ನಿ, ಮಹಡಿಯ ಕೋಣೆ ನಿಮಗೇ. ಬೈಯುವುದಿದ್ದರೆ ಬೈದೇ ಬರೆ, ಸುಮ್ಮನೆ ಮಾತ್ರ ಇರಬೇಡ.

ನಿನ್ನ,
ಭಾನುಮತಿ

ಮರೆತಿದ್ದೆ: ಉತ್ತರವನ್ನು ಈ ಮನೆಗೆ ಕಳಿಸಬೇಡ. ಆಸ್ಟಿನ್ ಹತ್ತಿರ ಫ್ಲೂಗರ್‌ವಿಲ್‌ನಲ್ಲಿರುವ ನನ್ನ ತಂಗಿ ಅನಘಾಳ ವಿಳಾಸ ಲಕೋಟೆಯ ಹಿಂದೆ ಬರೆದಿದ್ದೇನೆ. ಭಾನುವಾರ ಬೀದಿಯವರೆಲ್ಲ ದಸರಾ ಹಬ್ಬದ ಊಟಕ್ಕೆ ಹೋದಾಗ ನಮ್ಮ ಸಾಮಾನಿಗೆ ಟ್ರಕ್ ಬರುತ್ತದೆ. ದಿಯಾಳಿಗೆ ಇನ್ನೂ ಹೇಳಿಲ್ಲ.