ಸದರಿ ಗಡಿಯಾರದ ಮೇಲಿನ ದೂರು

ನಮ್ಮ ಮನೆಯ ಮುಂದಿನ ಕೋಣೆಯಿಂದ,
ಗುರುವಾರ, ಬೆಳಗಿನ ತಿಂಡಿಯ ತರುವಾಯ

ಪ್ರೀತಿಯ ಇವಳೇ,

ಮದುವೆಯಾದಂದಿನಿಂದ ನಿನ್ನನ್ನು ಹೀಗೆಯೇ ಕರೆದಿರುವುದರಿಂದ ಕಾಗದದಲ್ಲಿಯೂ ಬೇರೆ ಸಂಬೋಧನೆ ಕೈಗೆ ಬರಲಿಲ್ಲ. ಮೊದಲು ನಿನ್ನ ಮಂಡಿಯ ಸಮಾಚಾರ ತಿಳಿಸು. ಹೊಲಿಗೆ ಬಿಚ್ಚಿದ ಜಾಗ ಒಣಗಿತೇ? ಬಾವು ಇಳಿಯಿತೇ? ಹೊಸ ಮಂಡಿಗೆ ನಿನ್ನ ಅವಸರದ ಸ್ವಭಾವ ಇನ್ನೂ ಗೊತ್ತಿಲ್ಲ. ನಿಧಾನವಾಗಿ ಪರಿಚಯ ಮಾಡಿಸು. ನಾನೂ ಇಲ್ಲಿ ಆರೋಗ್ಯವಾಗಿದ್ದೇನೆ. ಆದರೆ ಆ ಆರೋಗ್ಯವನ್ನು ಯಾವ ಕ್ರಮದಿಂದ ನನ್ನ ಮೇಲೆ ಹೇರಲಾಯಿತೆಂಬುದನ್ನು ನಿನ್ನ ಅವಗಾಹನೆಗೆ ತರುವುದು ನನ್ನ ಕರ್ತವ್ಯವಾಗಿದೆ. ಫೋನಿನಲ್ಲಿ ಹೇಳಬಹುದಿತ್ತು, ಆದರೆ ಫೋನು ಮಗಳ ಕೈಯಲ್ಲಿದೆ, ನಾನು ಹೇಳಿದ್ದೆಲ್ಲ ಅವಳ ಕಿವಿಯಲ್ಲಿ ಸೋಸಿಕೊಂಡೇ ನಿನ್ನನ್ನು ಮುಟ್ಟುತ್ತದೆ.

ಅರ್ಜಿದಾರನಾದ ನಾನು ಕಚೇರಿಯಲ್ಲಿ ಊರವರ ಅರ್ಜಿಗಳನ್ನು ನಕಲು ಮಾಡುತ್ತ ಸೇವಾವಧಿಯನ್ನೆಲ್ಲ ಒಂದೇ ಬೆತ್ತದ ಕುರ್ಚಿಯಲ್ಲಿ ಕಳೆದವನೆಂಬುದೂ, ನಿವೃತ್ತಿಯ ದಿನ ಸದರಿ ಕುರ್ಚಿಯನ್ನು ನನ್ನೊಂದಿಗೇ ಮನೆಗೆ ಕಳುಹಿಸಲಾಯಿತೆಂಬುದೂ, ಅದರ ಹೆಣಿಗೆ ನನ್ನ ಆಕಾರಕ್ಕೇ ತಗ್ಗಿರುವುದರಿಂದ ಬೇರೆಯವರು ಕೂತರೆ ಒಂದು ಬದಿಗೆ ವಾಲುತ್ತಾರೆಂಬುದೂ ನಿನಗೆ ತಿಳಿದ ವಿಷಯಗಳೇ. ನೆಂಟರು ಬಂದಾಗ "ಅಯ್ಯೋ, ಅದರಲ್ಲಿ ಕೂರ್ಬೇಡಿ, ಅವರ ಪ್ರಾಣ ಇರೋದೇ ಅದರಲ್ಲಿ" ಎಂದು ತಡೆಯುತ್ತಿದ್ದವಳು ನೀನೇ. ನಮ್ಮ ಮದುವೆಯ ಫೋಟೋದಲ್ಲಿ ಕೂಡ ಕೂತವನು ನಾನು, ನಿಂತವಳು ನೀನು. ನೀನು ನನಗಿಂತ ಎತ್ತರವೆಂಬುದನ್ನು ಮರೆಮಾಚಲು ಆ ಫೋಟೋದವನು ಹೂಡಿದ ಉಪಾಯವದು ಎಂಬುದನ್ನು ನಾವಿಬ್ಬರೂ ಯಾರಿಗೂ ಹೇಳಿಲ್ಲ.

ನೀನು ಆಪರೇಷನ್ನಿಗೆಂದು ಮಗಳ ಮನೆಗೆ ಹೋದ ಮೇಲೆ, ಮಾತಾಡಿಸುವವರಿಲ್ಲದ ಕಾರಣ, ತಿಂಡಿಯಿಂದ ಊಟದವರೆಗೂ ಊಟದಿಂದ ದೀಪ ಹಚ್ಚುವವರೆಗೂ ನಾನು ಕುರ್ಚಿಯಲ್ಲಿಯೇ ಇದ್ದೆನೆಂಬುದು ನಿಜ. ಪಾದ ಊದಿ ಚಪ್ಪಲಿಯ ಪಟ್ಟಿ ಹಿಡಿಯದಾಯಿತು. ಊಟವಾದೊಡನೆ ತೂಕಡಿಕೆ. ಸೊಸೆ ನನ್ನನ್ನು ಡಾಕ್ಟರಮ್ಮನ ಬಳಿ ಕರೆದೊಯ್ದಳು. ಆಕೆ ರಕ್ತಪರೀಕ್ಷೆಯ ಕಾಗದ ನೋಡಿ, "ಊಟ ಆದ್ಮೇಲೆ ಸಕ್ಕರೆ ಏರಿದೆ ತಾತ, ಏರಿ ಅಲ್ಲೇ ಕೂತ್ಬಿಟ್ಟಿದೆ, ನಿಮ್ಮ ಹಾಗೇ" ಎಂದಳು. ನಾನು ದಿನವೂ ಸಂಜೆ ಬೀದಿಯ ಕೊನೆಯವರೆಗೆ ವಾಯುಸೇವನೆ ಮಾಡುತ್ತಿರುವುದನ್ನು ಸವಿನಯವಾಗಿ ನಿವೇದಿಸಿದೆ. "ಒಳ್ಳೇದೇ. ಆದ್ರೆ ಸಂಜೆ ಒಂದು ಸುತ್ತು ಹಾಕಿದ್ರೆ ಬೆಳಗಿಂದ ಕೂತಿದ್ದೆಲ್ಲ ಮಾಫಿ ಆಗಲ್ಲ. ಅರ್ಧ ಗಂಟೆಗೊಂದ್ಸಲ ಏಳಿ. ಸ್ವಲ್ಪ ಓಡಾಡಿ, ಕಿಟಕಿ ಸರಳು ಹಿಡ್ಕೊಂಡು ಹಿಮ್ಮಡಿ ಎತ್ತಿ ಇಳಿಸಿ, ಆಮೇಲೆ ಬೇಕಾದ್ರೆ ಕೂತ್ಕೊಳ್ಳಿ" ಎಂದು ತೀರ್ಪಿತ್ತಳು.

ಇಷ್ಟಕ್ಕೇ ಮುಗಿದಿದ್ದರೆ ನಾನು ಮೇಲ್ಮನವಿ ಸಲ್ಲಿಸಿ ಕಾಲ ತಳ್ಳುತ್ತಿದ್ದೆ. ಆದರೆ ಅದೇ ಸಂಜೆ ಮಗಳ ಫೋನು ಬಂತು. "ಅಮ್ಮನ್ನ ಜಾಸ್ತಿ ಹೊತ್ತು ಕೂರಿಸ್ಬೇಡಿ, ಆಗಾಗ ಎಬ್ಬಿಸಿ ಕೈ ಹಿಡಿದು ನಡೆಸಿ ಅಂದಿದಾರೆ ಇಲ್ಲಿನ ಡಾಕ್ಟ್ರು. ಅಣ್ಣ ಅತ್ತಿಗೆ ಇಬ್ರೂ ಕೆಲ್ಸಕ್ಕೆ ಹೋಗ್ತಾರೆ. ನೀವೋ, ಕುರ್ಚಿಗೆ ಮೊಳೆ ಹೊಡೆದ ಹಾಗೆ ಕೂತಿರ್ತೀರಿ. ನೀವೇ ಏಳಲ್ಲ, ಅಮ್ಮನ್ನೇನು ಎಬ್ಬಿಸ್ತೀರಿ ಅಪ್ಪ? ಅವಳು ಇನ್ನು ಇಲ್ಲೇ ಇರ್ಲಿ ಬಿಡಿ." ನೀನು ಹಿಂದಿನಿಂದ ಏನಾದರೂ ಆಕ್ಷೇಪಿಸುವೆಯೆಂದು ಕಿವಿಗೊಟ್ಟೆ. ನಿನ್ನ ಕೆಮ್ಮು ಮಾತ್ರ ಕೇಳಿಸಿತು. ಆ ಕೆಮ್ಮಿನ ಅರ್ಥವನ್ನು ಎರಡು ದಿನ ಯೋಚಿಸಿದೆ.

ಅಂದಿನಿಂದ ಸೊಸೆಯ ಆಡಳಿತ. ಶಾಲೆಯಲ್ಲಿ ಡ್ರಿಲ್ ಮೇಡಂ ಆಗಿರುವವಳು ಮನೆಗೆ ಬರುವಾಗ ಸೀಟಿಯನ್ನು ಮಾತ್ರ ಅಲ್ಲಿ ಬಿಟ್ಟುಬರುತ್ತಾಳೆ, ಸ್ವಭಾವವನ್ನಲ್ಲ. ಅರ್ಧ ಗಂಟೆಗೊಮ್ಮೆ ಬಡಿದುಕೊಳ್ಳುವ, ತಲೆಯ ಮೇಲಿನ ಗುಂಡಿ ಒತ್ತುವವರೆಗೆ ಬಾಯಿ ಮುಚ್ಚದ ಒಂದು ಕೆಂಪು ಗಡಿಯಾರವನ್ನು ತಂದಳು. ನಾನು ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತಲ್ಲಿಂದಲೇ ಒತ್ತತೊಡಗಿದಾಗ, ಮರುದಿನದಿಂದ ಸದರಿ ಗಡಿಯಾರವನ್ನು ದಿನಕ್ಕೊಂದು ಕಡೆ ಅಡಗಿಸಿ, ತಂತಿಯಿಂದ ಬಿಗಿದು ಶಾಲೆಗೆ ಹೊರಟಳು. ಒಂದು ದಿನ ಬಚ್ಚಲಿನ ಕೊಳಾಯಿಗೆ, ಒಂದು ದಿನ ಗೇಟಿನ ಅಂಚೆ ಪೆಟ್ಟಿಗೆಯೊಳಗೆ. ಇನ್ನೊಂದು ದಿನ ಮಹಡಿಯ ಮೆಟ್ಟಿಲ ತುದಿಯಲ್ಲಿ. ಅದು ಶುದ್ಧ ದ್ವೇಷ. ಮಗನ ಬಳಿ ದೂರಿದೆ. ಅವನು "ನೀವು ಹೇಳೋದೂ ಸರಿ, ಅವಳು ಹೇಳೋದೂ ಸರಿ" ಎಂದು ಊಟದ ಡಬ್ಬಿ ಎತ್ತಿಕೊಂಡು ಹೊರಟುಹೋದ. ಅವನು ಯಾರನ್ನು ಹೋಲುತ್ತಾನೋ ನಾನು ವಿಚಾರಿಸುವುದಿಲ್ಲ.

ನನ್ನ ಜೊತೆ ಪೇಪರ್ ಓದಲು ಬರುವ ಎದುರುಮನೆಯ ಸ್ಟೇಷನ್ ಮಾಸ್ಟರು ನಿನಗೆ ಗೊತ್ತಲ್ಲ, ಅವರು ಮೊದಲ ಗಂಟೆಗೆ ಗಡಬಡಿಸಿ ಎದ್ದು ಅಂಗಿಯ ಗುಂಡಿ ಹಾಕಿಕೊಳ್ಳುತ್ತ, "ಯಾವ್ ಗಾಡಿ ರೀ ಇದು, ಈ ಹೊತ್ನಲ್ಲಿ?" ಎಂದರು. ನಿವೃತ್ತರಾದರೂ ಗಂಟೆ ಕೇಳಿದರೆ ಅವರ ಕಾಲು ಕೂತಿರುವುದಿಲ್ಲ. ಅನಂತರ ಅದೇ ಅಭ್ಯಾಸವಾಗಿ, ಗಂಟೆಯಾದೊಡನೆ "ಏಳ್ರೀ ಗುಮಾಸ್ತರೇ, ಗಾಡಿ ಬಂತು" ಎಂದು ನನ್ನನ್ನು ಎಬ್ಬಿಸಿ, ಇಬ್ಬರೂ ಗಡಿಯಾರವನ್ನು ಹುಡುಕಿ ಬಾಯಿ ಮುಚ್ಚಿಸಿ, ಕಿಟಕಿಯ ಸರಳು ಹಿಡಿದು ಹಿಮ್ಮಡಿ ಎತ್ತಿ ಇಳಿಸಿ, ಹಿತ್ತಿಲವರೆಗೆ ಹೋಗಿ ಬಂದು ಕೂರುವುದು ಕ್ರಮವಾಯಿತು. ಮೊದಮೊದಲು ಮೀನಖಂಡ ಮುಷ್ಕರ ಹೂಡಿತು. ಬರಬರುತ್ತ ಪಾದದ ಬಾವು ಇಳಿದು ಚಪ್ಪಲಿ ಹಿಡಿಯಿತು. ಊಟದ ಮೇಲಿನ ತೂಕಡಿಕೆಯೂ ಕಡಿಮೆಯಾಯಿತೆಂಬುದನ್ನು ದೂರುದಾರನಾದ ನಾನೇ ದಾಖಲಿಸಬೇಕಾಗಿ ಬಂದಿರುವುದು ನನ್ನ ದುರದೃಷ್ಟ.

ಈಗ ಮುಖ್ಯ ಘಟನೆ. ಮೊನ್ನೆ ಮಂಗಳವಾರ ನಾವಿಬ್ಬರೂ ಪೇಪರ್ ಹಂಚಿಕೊಂಡು ಕೂತಿದ್ದೆವು. ಸ್ವಲ್ಪ ಹೊತ್ತಿಗೆ ಕಾಲು ಚುಳುಚುಳು ಎಂದಿತು. ಗಂಟೆ ಹೊಡೆದಿರಬೇಕೆಂದು ನಾನು ಎದ್ದೆ. ಸ್ಟೇಷನ್ ಮಾಸ್ಟರು ತಲೆಯೆತ್ತಿ, "ಗಂಟೆ ಆಯ್ತಾ?" ಎಂದರು. "ಯಾಕೆ, ನಿಮಗೆ ಕೇಳಿಸ್ಲಿಲ್ವಾ?" ಎಂದೆ. "ಕೇಳಿಸ್ದೆ ಏನು! ನಿಮಗೆ ಕೇಳಿಸ್ತಾ ಅಂತ ನೋಡಿದೆ" ಎಂದು ಅವರೂ ಎದ್ದರು. ನನಗೆ ಕೇಳಿಸಿರಲಿಲ್ಲವೆಂಬುದನ್ನು ನಿನಗೊಬ್ಬಳಿಗೇ ಹೇಳುತ್ತಿದ್ದೇನೆ. ಮುಂದಿನ ಸಲ ಅವರು ಮೊದಲು ಎದ್ದರು. ಕಿವುಡನೆನ್ನಿಸಿಕೊಳ್ಳಲು ಇಷ್ಟವಿಲ್ಲದೆ ನಾನೂ ಎದ್ದೆ. ಹುಡುಕಿದರೆ ಗಡಿಯಾರವಿಲ್ಲ. "ತಾನಾಗೇ ನಿಂತಿರ್ಬೇಕು" ಎಂದು ಒಬ್ಬರಿಗೊಬ್ಬರು ಒಪ್ಪಿಸಿಕೊಂಡು ಇಡೀ ದಿನ ಹೀಗೆಯೇ ಎದ್ದು ನಡೆದೆವು.

ಸಂಜೆ ಸೊಸೆ ಬಂದವಳೇ ಚೆಂಡಿನ ಚೀಲದಿಂದ ಸದರಿ ಗಡಿಯಾರವನ್ನು ಹೊರತೆಗೆದಳು. ಅವಸರದಲ್ಲಿ ಅಡಗಿಸಿಡುವುದನ್ನು ಮರೆತು ಶಾಲೆಗೇ ಒಯ್ದಿದ್ದಳಂತೆ. ಹೆಡ್ ಮೇಡಂ ಮೀಟಿಂಗಿನ ಮಧ್ಯೆ ಅದು ಬಡಿದುಕೊಂಡಿತಂತೆ. "ಇವತ್ತು ಹಾಯಾಗಿ ಕೂತಿದ್ರೇನೋ ಮಾವ?" ಎಂದಳು. ನಾನು ಕಣ್ಸನ್ನೆ ಮಾಡುವಷ್ಟರಲ್ಲಿ ಸ್ಟೇಷನ್ ಮಾಸ್ಟರು, "ಎಲ್ಲಿ ಕೂರೋದಮ್ಮ? ಒಂದು ಗಂಟೆನೂ ತಪ್ಪದ ಹಾಗೆ ಕೇಳಿಸ್ಕೊಂಡು ಎದ್ದಿದೀವಿ!" ಎಂದುಬಿಟ್ಟರು. ಸೊಸೆ ನಗುತ್ತ ನಗುತ್ತ ಹೋಗಿ ನನ್ನ ಕುರ್ಚಿಯಲ್ಲೇ ಕುಸಿದಳು, ವಾಲಿದಳು. ಅಂದಿನಿಂದ ಗಡಿಯಾರವನ್ನು ಅಡಗಿಸುವುದಿಲ್ಲ. ಡಾಕ್ಟರಮ್ಮನೂ ನಿನ್ನೆ ಹೊಸ ಕಾಗದ ನೋಡಿ, "ಪರವಾಗಿಲ್ಲ ತಾತ, ಸಕ್ಕರೆ ಇಳಿಯೋಕೆ ಶುರು ಮಾಡಿದೆ" ಎಂದಳು. ಈ ಪತ್ರದಲ್ಲಿ ಎಲ್ಲೆಲ್ಲಿ ಅಕ್ಷರ ದಿಢೀರನೆ ದುಂಡಗಾಗಿದೆಯೋ ಅಲ್ಲೆಲ್ಲ ನಾನು ಎದ್ದು ಹೋಗಿ ಬಂದು ಕೂತೆನೆಂದು ತಿಳಿಯತಕ್ಕದ್ದು.

ಆದಕಾರಣ, ಅಪ್ಪ ಏಳುವುದಿಲ್ಲವೆಂಬ ಮಗಳ ಆಧಾರವು ಬಿದ್ದುಹೋಗಿರುವುದರಿಂದ, ನಿನ್ನನ್ನು ಅಲ್ಲಿಯೇ ಉಳಿಸಿಕೊಳ್ಳುವ ಅವಳ ನಿರ್ಧಾರವನ್ನು ರದ್ದುಪಡಿಸಿ ನಿನ್ನನ್ನು ಸ್ವಗೃಹಕ್ಕೆ ಕಳುಹಿಸಿಕೊಡಬೇಕೆಂದು ಕೋರುತ್ತೇನೆ. ಈ ಭಾಗವನ್ನು ಅವಳಿಗೆ ಗಟ್ಟಿಯಾಗಿ ಓದಿ ಹೇಳು. ಮಗಳಿಗೂ ಅಳಿಯನಿಗೂ ನನ್ನ ಆಶೀರ್ವಾದ. ನಿನ್ನ ಹೊಸ ಮಂಡಿಗೆ ವಿಶೇಷ ಆಶೀರ್ವಾದ.

ಇಂತು ನಿಂತುಕೊಂಡು ಸಹಿ ಮಾಡಿದ,
ನಿನ್ನ ಇವರು

ಮರೆತ ಮಾತು: ಎತ್ತರದ ಕುರ್ಚಿ ಇಲ್ಲದಿದ್ದರೆ ನಿನಗೆ ಕೂತು ಏಳುವುದು ಕಷ್ಟವಂತೆ, ಸೊಸೆ ಹೇಳಿದಳು. ಬಡಗಿಯನ್ನು ಕರೆಸಿ ನನ್ನ ಕುರ್ಚಿಯ ಕಾಲುಗಳಿಗೆ ಮರ ಕೂಡಿಸಿ ಎತ್ತರಿಸಿದ್ದೇನೆ, ಬೆತ್ತವನ್ನೂ ಹೊಸದಾಗಿ ಹೆಣೆಸಿದೆ. ಕೂತು ನೋಡಿದರೆ ನನ್ನ ಪಾದಗಳು ನೆಲಕ್ಕೆ ಎಟುಕುವುದಿಲ್ಲ, ತೂಗಾಡುತ್ತವೆ. ನಿನಗೆ ಸರಿಹೋಗುತ್ತದೆ. ನನಗಂತೂ ಅದು ಇನ್ನು ಉಪಯೋಗಕ್ಕೆ ಬರುವಂಥದ್ದಲ್ಲ. ಪಕ್ಕದಲ್ಲಿ ನಿಂತಿರುತ್ತೇನೆ, ಏಳಬೇಕಾದಾಗ ಕೈ ಕೊಡುತ್ತೇನೆ. ಯಾವ ಗಾಡಿಗೆ ಬರುತ್ತೀ ಬರೆ. ಸ್ಟೇಷನ್ ಮಾಸ್ಟರು ದಿನಾ ಕೇಳುತ್ತಾರೆ.